ಯಲ್ಲಮ್ಮನ ಕೊರಳಲ್ಲಿದ್ದ ಬ್ಯಾಡ್ಜು

ನಾಗಸಂದ್ರದಲ್ಲಿ ರುಕ್ಮವ್ವನ ಬಳಿ ಜೋಳದ ರೊಟ್ಟಿ ಕೊಂಡವರಿಗೆ ಬೈಗುಳ ಬಿಟ್ಟಿ. ನಿನ್ನೆ ರೊಟ್ಟಿ ದಪ್ಪವಿತ್ತು ಎಂದವನಿಗೆ, ನಿನ್ನ ಹಲ್ಲಿನಷ್ಟೇನೂ ಇರಲಿಲ್ಲ ಎಂದು ಕಟ್ಟಿಕೊಡುತ್ತಿದ್ದಳು. ಬಾಗಲಕೋಟೆಯ ಕಡೆಯ ಹೆಂಗಸು. ಗಂಡ ನೀಲಪ್ಪ ಮಾತ್ರ ಎದುರು ಮಾತಾಡದವನು.

ಅವನ ಕೆಲಸ ಪೀಣ್ಯದ ಒಂದು ಶೆಡ್ಡಿನಲ್ಲಿ. ಬೆಸುಗೆ ಹಾಕಿದ ಪೈಪಿನೊಳಗೆ ಬಿರುಕಿದೆಯೇ ಎಂದು ನೋಡಲು ವಿಕಿರಣ ಹಾಯಿಸಿ ಫಿಲ್ಮ್ ತೆಗೆಯುವುದು. ಸೇರಿದ ದಿನವೇ ಸೂಪರ್‌ವೈಸರ್ ನಂದೀಶ್ ಒಂದು ಬ್ಯಾಡ್ಜು ಕೊಟ್ಟು, ಜೋಪಾನ, ಕಳೆದರೆ ಸಂಬಳದಲ್ಲಿ ಮುರಿಯುತ್ತೇನೆ ಎಂದಿದ್ದ. ಅದು ವಿಕಿರಣವನ್ನು ತಡೆಯುವ ವಸ್ತುವಲ್ಲ. ಮೈಮೇಲೆ ಎಷ್ಟು ಬಿತ್ತೆಂದು ಹೇಳುವಂಥದು. ಮೂರು ತಿಂಗಳಿಗೊಮ್ಮೆ ಅದರೊಳಗಿನ ಬಿಲ್ಲೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ಅಳೆಯುತ್ತಾರೆ. ಇದನ್ನು ನೀಲಪ್ಪನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅವನ ತಲೆಯಲ್ಲಿ ಉಳಿದದ್ದು ಜೋಪಾನ ಎಂಬುದೊಂದೇ. ಆ ಬಾಡಿಗೆ ಕೋಣೆಯಲ್ಲಿ ಯಾರೂ ಕೈ ಹಾಕದ ಜಾಗವೆಂದರೆ ಯಲ್ಲಮ್ಮನ ಫೋಟೋ. ಬ್ಯಾಡ್ಜು ಅದರ ಕೊರಳು ಸೇರಿತು. ರುಕ್ಮವ್ವ ಶುಕ್ರವಾರಕ್ಕೊಮ್ಮೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಬಿಲ್ಲೆ ಬದಲಿಸುವ ದಿನ ಮಾತ್ರ ನೀಲಪ್ಪ ಅದನ್ನು ಒರೆಸಿ ಕೊಂಡೊಯ್ದು, ಸಂಜೆ ಮತ್ತೆ ಅಲ್ಲೇ ಹಾಕುತ್ತಿದ್ದ.

ಏಳನೇ ವರ್ಷ ನೀಲಪ್ಪನಿಗೆ ರಕ್ತದ ಕ್ಯಾನ್ಸರ್ ಬಂತು. ಕೆಲಸದಿಂದ ಬಂದ ಕಾಯಿಲೆಯಾದರೆ ಚಿಕಿತ್ಸೆ ಕಂಪನಿಯದು ಎಂದು ಸರ್ಕಾರದಲ್ಲಿ ಹೊಸ ನಿಯಮವೊಂದು ತಯಾರಾಗುತ್ತಿತ್ತು. ಆದರೆ ಬ್ಯಾಡ್ಜಿನ ಅಳತೆ ಇಂತಿಷ್ಟು ದಾಟಿರಬೇಕು. ಆಕ್ಷೇಪಣೆ ಇದ್ದವರು ಬಂದು ಹೇಳಬಹುದೆಂದು ಕೈಗಾರಿಕಾ ಸಂಘದ ಸಭಾಂಗಣದಲ್ಲಿ ಸಭೆ ಕರೆದರು. ರುಕ್ಮವ್ವ ಅಂದು ಒಲೆ ಹಚ್ಚಲಿಲ್ಲ.

ಸಭೆ ನಡೆಸಲು ಬಂದ ಅಧಿಕಾರಿ ಸಜ್ಜನ. ನೀಲಪ್ಪನ ದಾಖಲೆ ತರಿಸಿ ನೋಡಿ, ಇವರ ಮೈಮೇಲೆ ಏನೂ ಬಿದ್ದಿಲ್ಲವಲ್ಲಮ್ಮ, ಬಯಲಲ್ಲಿ ನಿಂತವನಿಗೆ ಬೀಳುವಷ್ಟೇ ಇದೆ ಎಂದು ಮೆತ್ತಗೆ ಹೇಳಿದರು.

"ಅದು ನಮ್ಮನಿ ಯಲ್ಲಮ್ಮನ ಲೆಕ್ಕ ರೀ ಸಾಹೇಬ್ರ," ಎಂದಳು ರುಕ್ಮವ್ವ. "ಬ್ಯಾಡ್ಜು ಆಕಿ ಕೊರಳಾಗಿತ್ತು. ಆಕಿ ಛಲೋ ಅದಾಳ, ಏನೂ ಆಗಿಲ್ಲ. ಮಶಿನ್ ಮುಂದ ನಿಂತಾಂವ ನನ್ನ ಗಂಡ."

ಸಭೆ ನಕ್ಕಿತು. ನಂದೀಶ್ ಎದ್ದ. "ಜೋಪಾನವಾಗಿ ಇಟ್ಕೊಳ್ಳಿ ಅಂದಿದ್ದೆ ಕಣಮ್ಮ, ದೇವ್ರಿಗೆ ಹಾಕಿ ಅಂದ್ನಾ?"

"ದಿನಾ ಅಂವ ಬ್ಯಾಡ್ಜಿಲ್ದ ಬರೇ ಅಂಗಿ ಮ್ಯಾಲೆ ಒಳಗ ಬರ್ತಿದ್ದ. ಆರು ವರ್ಷ ನೀವು ಏನ್ ನೋಡ್ತಿದ್ರಿ, ಸಾರ್?"

ನಂದೀಶ್ ಕುಳಿತುಕೊಂಡ. ಆಗ ಹಿಂದಿನ ಸಾಲಿನಿಂದ ಅದೇ ಶೆಡ್ಡಿನ ಮುದಕಪ್ಪ ಎದ್ದು, ತನ್ನ ಬ್ಯಾಡ್ಜು ಅಕ್ಕಿ ಡಬ್ಬಿಯಲ್ಲಿದೆ ಎಂದ. ಇನ್ನೊಬ್ಬನದು ಟ್ರಂಕಿನಲ್ಲಿ, ಮದುವೆಯ ಸೀರೆಯ ಜೊತೆ. ರೇವಣಸಿದ್ದ ತನ್ನದನ್ನು ಊರಲ್ಲೇ ಬಿಟ್ಟಿದ್ದ, ತಾಯಿಯ ಹತ್ತಿರ; ಬಿಲ್ಲೆ ಬದಲಿಸುವಾಗ ಮಾತ್ರ ತರಿಸುತ್ತಿದ್ದ. ಆಕೆಗಿಂತ ಜೋಪಾನ ಮಾಡುವವರು ಯಾರು? ಅಧಿಕಾರಿ ನಗು ನಿಲ್ಲಿಸಿ ಬರೆಯತೊಡಗಿದರು. ಕೊನೆಗೆ ಓದಿ ಹೇಳಿದರು: ಬ್ಯಾಡ್ಜು ತೊಡಿಸುವ ಹೊಣೆ ಮಾಲೀಕರದು, ತೊಡದೆ ಇದ್ದಲ್ಲಿ ಮಾಡಿದ ಕೆಲಸವನ್ನೇ ಅಳತೆಯಾಗಿ ಹಿಡಿಯಬೇಕೆಂದು ಸಭೆ ಕೇಳಿದೆ. ಮೇಲಿನವರು ಒಪ್ಪುತ್ತಾರೆಂದು ಮಾತು ಕೊಡಲಾರೆ ಎಂದೂ ಹೇಳಿದರು. ರುಕ್ಮವ್ವ ಹೆಬ್ಬೆಟ್ಟು ಒತ್ತಿದಳು.

ಕೋಣೆಯಲ್ಲಿ ನೀಲಪ್ಪ ಗೋಡೆಗೊರಗಿ ಕಾಯುತ್ತಿದ್ದ. ಏನಾಯಿತೆಂದು ಕೇಳಿದ.

"ಬರಕೊಂಡಾರ. ಯಲ್ಲಮ್ಮನ್ನ ಸಾಕ್ಷಿಗೆ ನಿಲ್ಲಿಸಿ ಬಂದೀನಿ."

ಅವನು ಫೋಟೋ ನೋಡಿ, ತಾಯಿ ಸಿಟ್ಟಾಗ್ತಾಳೇನೋ ಎಂದು ಅಳುಕಿದ.

"ಆಗ್ಲಿ," ಎಂದು ರುಕ್ಮವ್ವ ಹಿಟ್ಟು ಕಲಸಲು ಕುಳಿತಳು. "ಆರು ವರ್ಷ ನಿನ್ನ ಬ್ಯಾಡ್ಜು ಹಾಕ್ಕೊಂಡು ಕುಂತಿದ್ಲು. ಇಷ್ಟರೆ ಮಾಡ್ಲಿ."