ಕುಟುಂಬಕ್ಕೆ ಒಂದೇ ಶುಲ್ಕ

ಡಾಕ್ಟರ್ ರತ್ನಾಕರನಿಗೆ ಮನುಷ್ಯರ ಮೇಲಿದ್ದ ತಾತ್ಸಾರ ಹುಟ್ಟಿನಿಂದ ಬಂದದ್ದಲ್ಲ, ಖಾಸಗಿ ಆಸ್ಪತ್ರೆಗಳಲ್ಲಿ ದುಡಿದು ಗಳಿಸಿದ್ದು. ಸ್ಕ್ಯಾನಿಂಗಿಗೆ ಕಳಿಸಿದರೆ ಇಷ್ಟು, ರಕ್ತ ಪರೀಕ್ಷೆಗೆ ಕಳಿಸಿದರೆ ಅಷ್ಟು ಎಂದು ವೈದ್ಯರಿಗೆ ಲಕೋಟೆ ಹಂಚುವ ದಲ್ಲಾಳಿ ಸಂತೆ ಅದು. ಅಲ್ಲಿಂದ ಕಾಲು ಕಿತ್ತವನು ೧೯೯೭ರಲ್ಲಿ ನಾವುಂದದ ಹೆದ್ದಾರಿ ಪಕ್ಕ ಎರಡು ಹಂಚಿನ ಕೋಣೆ ಹಿಡಿದು ಸ್ವಂತ ಕ್ಲಿನಿಕ್ ತೆರೆದ.

ಪದ್ಧತಿ ಹೊಸದು. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ, ಆಮೇಲೆ ಎಷ್ಟು ಸಲ ಬೇಕಾದರೂ ಬನ್ನಿ. ನೆಗಡಿಗೆ ಗ್ಲೂಕೋಸ್ ಏರಿಸುವುದಿಲ್ಲ, ಮಂಡಿನೋವಿಗೆ ತಲೆ ಸ್ಕ್ಯಾನ್ ಬರೆಯುವುದಿಲ್ಲ. ಊರಿನ ದೊಡ್ಡ ಮನುಷ್ಯರು ನಕ್ಕರು. ಸೂಜಿ ಚುಚ್ಚದವನು ಎಂಥ ಡಾಕ್ಟರು ಎಂದು ಕುಂದಾಪುರದ ಐದು ಮಾಳಿಗೆಯ ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೊಂಡು ಬಂದರು. ಅಂಡೂ ಅವರದು, ದುಡ್ಡೂ ಅವರದು, ರತ್ನಾಕರನ ಗಂಟೇನು ಹೋಯಿತು!

ಅವನು ಹುಟ್ಟಿದ್ದು ಸಿದ್ದಾಪುರದ ಕಡೆಯಾದರೂ ಬೆಳೆದದ್ದು ಮೈಸೂರಿನ ಹಾಸ್ಟೆಲುಗಳಲ್ಲಿ. ಆ ಮೈಸೂರು ಕನ್ನಡದಲ್ಲೇ ಬೋರ್ಡು ಬರೆಸಿದ್ದ: ‘ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದೇ ಶುಲ್ಕ.’

ಮೊದಲು ಬಂದವಳು ಮೀನು ಮಾರುವ ಸೀತು. ಬುಟ್ಟಿ ಹೊರಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ದುಡ್ಡು ಮೇಜಿನ ಮೇಲಿಟ್ಟಳು.

“ಗಂಡನ ಹೆಸರು ಹೇಳಿ,” ಎಂದ ರತ್ನಾಕರ.

“ಅವ್ರ್ ಹೆಸ್ರ್ ಎಂತಕ್ಕೆ? ಅವ್ರ್ ನಮ್ ಕುಟುಂಬ ಅಲ್ಲ.”

“ಬಿಟ್ಟು ಹೋದರಾ?”

“ನಿಮ್ ಬಾಯಿಗ್ ಒಳ್ಳೆ ಮಾತ್ ಬತ್ತಿಲ್ಯಾ ಡಾಕ್ಟ್ರೇ? ಈಗ್ಳೂ ಮನೇಲಿ ಕೂತ್ಕಂಡ್ ಗಂಜಿ ಉಣ್ತಿದ್ರ್. ಅವ್ರದ್ ಅವ್ರ್ ಅಬ್ಬಿ ಕುಟುಂಬ. ನಮ್ದ್ ಬರ್ಕಣಿ. ನನ್ನಬ್ಬಿ, ಅಬ್ಬಿ ತಂಗಿಯರ್, ಅವ್ರ್ ಮಕ್ಳ್, ನನ್ ಸೋದರ್ಮಾವಂದಿರ್, ನನ್ ತಂಗಿ, ತಂಗಿ ಮಕ್ಳ್...”

ನಾವುಂದದಲ್ಲಿ ಶುರುವಾದ ಹೆಸರುಗಳು ಯಡ್ತರೆ ದಾಟಿ ಮುಂಬೈಯ ಹೋಟೆಲುಗಳ ತನಕ ಹೋದವು. ಮೀನುಗಾರ ಮೊಗವೀರರಲ್ಲಿ ಕುಟುಂಬವೆಂದರೆ ಒಬ್ಬ ಅಬ್ಬಿಯ, ಅಂದರೆ ತಾಯಿಯ, ಬಳ್ಳಿಯಲ್ಲಿ ಹುಟ್ಟಿದವರೆಲ್ಲ, ಗಂಡ ಹೊರಗಿನವ. ಇಷ್ಟನ್ನು ಯಾವ ಮೆಡಿಕಲ್ ಕಾಲೇಜೂ ರತ್ನಾಕರನಿಗೆ ಕಲಿಸಿರಲಿಲ್ಲ.

“ಇದು ಕುಟುಂಬವಾ, ಗ್ರಾಮ ಪಂಚಾಯಿತಿಯಾ?” ಎಂದು ಪೆನ್ನು ಒಗೆದ.

“ಬೋರ್ಡ್ ಬರ್ಸದ್ ನಾನಾ?”

ಅಳಿಸಿಬಿಡಬಹುದಿತ್ತು. ಆದರೆ ಮಾತು ತಿರುಗಿಸುವವರನ್ನು ಅಷ್ಟು ವರ್ಷ ಬಾಯ್ತುಂಬ ಬೈದವನು ತನ್ನ ಬೋರ್ಡಿಗೇ ಸುಣ್ಣ ಬಳಿಯುವುದು ಹೇಗೆ? ಹಲ್ಲು ಕಚ್ಚಿಕೊಂಡು ಎಲ್ಲರನ್ನೂ ಬರೆದುಕೊಂಡ. ಸೀತುವಿನ ಹಿಂದೆ ಇನ್ನೊಂದು ಕುಟುಂಬ ಬಂತು, ಅದರ ಹಿಂದೆ ಮತ್ತೊಂದು. ಎರಡನೇ ವರ್ಷ ಸೀತುವೇ ನಾಚಿಕೊಂಡು, ತಲೆಗಿಷ್ಟು ಎಂದು ತನ್ನವರಿಂದ ಎತ್ತಿ ತಂದು ಮೇಜಿನ ಮೇಲೆ ಸುರಿದಳು. ಸೂಟುಬೂಟಿನವರು ನಕ್ಕ ಕ್ಲಿನಿಕ್ಕು ಮೀನುಬುಟ್ಟಿಯವರಿಂದ ನಿಂತಿತು.

ನಿಂತಮೇಲೆ ಕೈಗಳು ಬೇಕಾದವು. ರತ್ನಾಕರ ಹುಡುಗಿಯರನ್ನು ಸೇರಿಸಿಕೊಂಡು ಬಿಪಿ ನೋಡುವುದು, ಗಾಯ ಕಟ್ಟುವುದು, ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸುವುದು ಎಲ್ಲ ಕಲಿಸಿದ. ಕಲಿತು ಮುಗಿಯುವ ಹೊತ್ತಿಗೆ ಐದು ಮಾಳಿಗೆಯವರು ಸಂಬಳ ಏರಿಸಿ ಹಾರಿಸಿಕೊಂಡು ಹೋಗುತ್ತಿದ್ದರು. ತಾವು ಒಬ್ಬರಿಗೂ ಕಲಿಸದೆ ಇನ್ನೊಬ್ಬ ಸಾಕಿದ ಕೋಳಿ ಹಿಡಿಯುವ ಜಾತಿ ಅದು. ದಿವ್ಯಾ ಹೋದಳು, ಚೇತನಾ ಹೋದಳು, ವನಜ ಮದುವೆಯ ನೆಪ ಹೇಳಿ ಅಲ್ಲಿಗೇ ಹೋದಳು. ೨೦೦೮ರ ಹೊತ್ತಿಗೆ ರತ್ನಾಕರ ಒಬ್ಬನೇ ಕಸ ಗುಡಿಸಿ, ಒಬ್ಬನೇ ಗುಳಿಗೆ ಎಣಿಸುತ್ತಿದ್ದ.

“ಇನ್ನೊಬ್ಬಳು ಬಂದು ಅವಳೂ ಹೋದರೆ ಬೀಗ ಜಡಿಯುವುದೇ,” ಎಂದು ಸೀತುವಿಗೆ ಹೇಳಿದ.

“ಬೀಗ ಹಾಕಿ ಎಲ್ಲಿಗ್ ಹೋಪುದ್? ನಿಮ್ ಮೋರೆಗೆ ಬೇರೆ ಯಾರ್ ಕೆಲ್ಸ ಕೊಡ್ತ್ರ್?” ಎಂದು ಬೈದು, ಸೀತು ಮರುವಾರ ತಂಗಿಯ ಮಗಳನ್ನು ಕರೆತಂದಳು.

ಹರಿಣಾಕ್ಷಿ ನರ್ಸಿಂಗ್ ಓದಿದ್ದಳು. ಐದು ಮಾಳಿಗೆಯಲ್ಲೇ ಎರಡು ವರ್ಷ ಇದ್ದು, ಏರಿಸದ ಗ್ಲೂಕೋಸನ್ನೂ ಬಡವರ ಬಿಲ್ಲಿಗೆ ಸೇರಿಸಲು ಹೇಳಿದಾಗ ಸಮವಸ್ತ್ರ ಬಿಚ್ಚಿ ಮೇಜಿನ ಮೇಲೆ ಎಸೆದು ಬಂದವಳು. ರತ್ನಾಕರನಿಗಿಂತ ಕಟುವಾದ ನಾಲಿಗೆ. ರೋಗಿಗಳ ಮೇಲೆ ಅವನು ರೇಗಿದರೆ ಇವಳು ಅವನ ಮೇಲೆ ರೇಗುವಳು. ಆದರೂ ಗೇಟಿನ ಸದ್ದಾದಾಗಲೆಲ್ಲ ಅವನು ಗುಳಿಗೆ ಎಣಿಸುವುದು ಬಿಟ್ಟು ಹೊರಗೆ ಇಣುಕುತ್ತಿದ್ದ: ಇವಳೂ ಹೋದರೆ?

ಬಂದರು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಐದು ಮಾಳಿಗೆಯ ಆಸ್ಪತ್ರೆಯ ಮ್ಯಾನೇಜರ್, ನಾವುಂದದ ಸೆಕೆಯಲ್ಲಿ ಟೈ ಕಟ್ಟಿಕೊಂಡು, ಮಿಠಾಯಿ ಡಬ್ಬ ಹಿಡಿದು. ರತ್ನಾಕರ ಒಳಗೆ ಯಾರದೋ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ಹಾಕುವುದು ಮರೆತು ಕಿವಿಗೊಟ್ಟ.

“ಹಳೆಯದೆಲ್ಲ ಮರೆತುಬಿಡಿ ಸಿಸ್ಟರ್. ಸಂಬಳ ಡಬಲ್. ನಿಮ್ಮ ಇಡೀ ಕುಟುಂಬಕ್ಕೆ ಚಿಕಿತ್ಸೆ ಫ್ರೀ.”

“ಇಡೀ ಕುಟುಂಬಕ್ಕಾ?”

“ಇಡೀ ಕುಟುಂಬಕ್ಕೆ!”

ಹರಿಣಾಕ್ಷಿ ಕಿಟಕಿಯಿಂದ ತಲೆ ಹೊರಹಾಕಿ, ಬುಟ್ಟಿ ಹೊತ್ತು ಹಾದುಹೋಗುತ್ತಿದ್ದ ಸೀತುವನ್ನು ಕೂಗಿದಳು. “ಹ್ವಾಯ್ ದೊಡ್ಡಮ್ಮ! ಇವ್ರ್ ನಮ್ ಕುಟುಂಬಕ್ಕೆಲ್ಲ ಪುಕ್ಕಟೆ ಮದ್ದ್ ಮಾಡ್ತ್ರಂಬ್ರ್. ಯಾರ್ಯಾರ್ ಆತ್ರ್, ಹೇಳ್ ಕಾಂಬ.”

ಸೀತು ಬುಟ್ಟಿ ಇಳಿಸಿ, ಜಗಲಿಯ ಮೇಲೆ ಕೂತು, ಬೆರಳು ಮಡಚುತ್ತ ಹೋದಳು. ಯಡ್ತರೆ ತಲುಪುವಷ್ಟರಲ್ಲಿ ಮ್ಯಾನೇಜರನ ಟೈ ಸಡಿಲವಾಗಿತ್ತು.

“ಅಲ್ಲಮ್ಮ, ಕುಟುಂಬ ಅಂದರೆ ಅಪ್ಪ, ಅಮ್ಮ...”

“ಅಪ್ಪಯ್ಯ ಕುಟುಂಬದವ್ರೇ ಅಲ್ಲ ಮಾರಾಯ್ರೆ,” ಎಂದಳು ಹರಿಣಾಕ್ಷಿ. “ಅಷ್ಟೂ ಗೊತ್ತಿಲ್ದೆ ಪುಕ್ಕಟೆ ಕೊಡುಕೆ ಬಂದ್ರ್ಯಾ?”

ಕಾರು ಹೋಯಿತು. ಮಿಠಾಯಿ ಡಬ್ಬ ಉಳಿಯಿತು. ಸೀತು ಅದನ್ನು ಬುಟ್ಟಿಗೆ ಹಾಕಿಕೊಂಡಳು.

ರತ್ನಾಕರ ಹೊರಬಂದ. “ನಾನು ಅಷ್ಟು ಸಂಬಳ ಕೊಡಲಾರೆ. ಮತ್ತೆ ಯಾಕೆ ಉಳಿದೆ?”

“ನಿಮ್ ಚಂದ ಕಂಡ್ ಅಲ್ಲ. ಅಲ್ಲಿಗ್ ಹೋರೆ ಕುಟುಂಬ ಅಂದ್ರೆ ಎಂತ ಅಂತ್ ಮೊದ್ಲಿಂದ ಕಲ್ಸ್ಬೇಕ್. ನಿಮ್ಗಾರೆ ಹೆಂಗೋ ಒಂದ್ ಕಲ್ಸಿ ಆಯ್ತ್. ಒಳ್ಗ್ ಹೋಯ್ನಿ, ಆ ಜನ ತೋಳಿಗ್ ಬಿಪಿ ಪಟ್ಟಿ ಕಟ್ಕಂಡ್ ಇನ್ನೂ ಕೂತಿತ್ತ್.”