ಅರ್ಧ ಸಾಲು ಬಿಟ್ಟುಕೊಟ್ಟ ಸುಮಾ ಮೇಡಂ

ಕಳೆದುಹೋದ ಮಾತನ್ನು ಮರಳಿ ನಾಲಿಗೆಗೆ ತರುವ ವಾಕ್ ಚಿಕಿತ್ಸೆಯೆಂಬ ವಿದ್ಯೆಯ ಹೆಸರನ್ನೂ ನಮ್ಮ ಚಿತ್ರದುರ್ಗ ಸೀಮೆಯ ಬಹುಪಾಲು ಜನ ಕೇಳಿರದ ಕಾಲದಲ್ಲಿ ಅದನ್ನು ಕೈಗೆತ್ತಿಕೊಂಡು, ಹಾಡು ಮತ್ತು ತಾಳಗಳನ್ನು ಅದರ ಜೊತೆಗೂಡಿಸಿ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಶಿಬಿರಗಳಲ್ಲಿ ಎಷ್ಟೋ ಮನೆಗಳಿಗೆ ಮಾತು ಮರಳಿಸಿದವರು ಶ್ರೀಮತಿ ಎಚ್. ಸಿ. ಸುಮಾ ಅವರು. ಇಂಥವರ ನಿವೃತ್ತಿಯ ನೆನಪಿಗಾಗಿ ಹೊರಬರುತ್ತಿರುವ ಈ ಗ್ರಂಥಕ್ಕೆ ನಾನೂ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಗಾಬರಿಯಾಯಿತು. ಅವರು ಹೋಗುತ್ತಾರೆ ಎಂಬುದನ್ನು ನಾನು ಆಗಿನ್ನೂ ಒಪ್ಪಿಕೊಂಡಿರಲಿಲ್ಲ.

ನಾನು ಹುಟ್ಟಾ ಗಾಬರಿಯವನು. ನಮ್ಮ ಪುನಶ್ಚೇತನ ಕೇಂದ್ರದಲ್ಲಿ ಫಿಸಿಯೋಥೆರಪಿ ವಿಭಾಗ ನನ್ನದು. ರೋಗಿಯ ಬಿ.ಪಿ. ಒಮ್ಮೆ ನೋಡಿ, ಸಮಾಧಾನವಾಗದೆ ಮತ್ತೆ ನೋಡಿ, ಆಮೇಲೆ ನನ್ನದನ್ನೂ ನೋಡಿಕೊಳ್ಳುವ ಪೈಕಿ. ಅಟೆಂಡರ್ ಮಂಜಣ್ಣ ನನ್ನ ಬೆನ್ನ ಹಿಂದೆ ‘ಗಾಬರಿ ದಯಾನಂದ’ ಎನ್ನುತ್ತಾನೆ. ಎದುರಿಗೂ ಅನ್ನುತ್ತಾನೆ ಬಿಡಿ. ಆದರೆ ಈ ಸಲದ ಗಾಬರಿಗೆ ನನ್ನ ಸ್ವಭಾವವೊಂದೇ ಕಾರಣವಲ್ಲ. ನನ್ನ ತಾಯಿ ಚಿತ್ತಮ್ಮನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಹಿಂದಿರುಗಿದ ನಾಲ್ಕು ಮಾತೂ ಸುಮಾ ಮೇಡಂ ಎದುರು ಕೂತು ಹಾಡಿದರೆ ಮಾತ್ರ ಬರುತ್ತಿದ್ದವು. ಮೇಡಂ ಹೋದರೆ ನಮ್ಮವ್ವನ ಮಾತೂ ಅವರ ಹಿಂದೆಯೇ ಹೋಗಿಬಿಡುತ್ತದಾ? ಈ ಒಂದು ಪ್ರಶ್ನೆ ನನ್ನ ನಿದ್ದೆ ಕೆಡಿಸಿತ್ತು.

ಮೊದಲಿಂದ ಹೇಳುತ್ತೇನೆ. ಹೊಸದುರ್ಗದ ಚಿತ್ರಲಿಂಗಪ್ಪನವರ ಮಗಳಾಗಿ, ಕುರಿಹಟ್ಟಿಯ ಪಕ್ಕದಲ್ಲೇ ಬೆಳೆದ ಸುಮಾ ಅವರು ಕೆಲಸಕ್ಕೆ ಸೇರಿದಾಗ ಕೇಂದ್ರದಲ್ಲಿ ಅವರಿಗೆ ಸಿಕ್ಕಿದ್ದು ಪ್ಲಾಸ್ಟರ್ ಕತ್ತರಿಸುವ ಕೋಣೆಗೆ ಅಂಟಿಕೊಂಡ ಒಂದು ಉಗ್ರಾಣವಂತೆ. ಗರಗಸದ ಕಿರಿಚಾಟದ ನಡುವೆ ಮಾತು ಕಲಿಸುವುದು ಹೇಗೆ ಎಂದು ಬೇರೆಯವರಾಗಿದ್ದರೆ ಅರ್ಜಿ ಬರೆಯುತ್ತಿದ್ದರು. ಇವರು ಗರಗಸ ನಿಂತಾಗ ಪಾಠ ಮಾಡುತ್ತ, ಶುರುವಾದಾಗ ರೋಗಿಯ ಜೊತೆ ಕಾಫಿ ಕುಡಿಯುತ್ತ ವರ್ಷಗಳನ್ನು ಕಳೆದರು.

ನಾನು ಸೇರಿದ ಹೊಸತರಲ್ಲಿ ಹೊಳಲ್ಕೆರೆಯ ಶಿವಕುಮಾರಪ್ಪನವರು ನನ್ನ ಪಾಲಿಗೆ ಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು. ಪಾರ್ಕಿನ್ಸನ್ ಕಾಯಿಲೆ ಅವರ ನಡಿಗೆಯನ್ನು ಕಟ್ಟಿಹಾಕಿತ್ತು. ಹೊಸ್ತಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವರು. ಎಲ್ಲಿ ಮುಗ್ಗರಿಸುತ್ತಾರೋ ಎಂದು ನಾನು ಹಿಂದೆ ಎರಡೂ ಕೈ ಚಾಚಿಕೊಂಡು ಬೆವರುತ್ತಿದ್ದೆ. ಅದನ್ನು ನೋಡಿದ ಸುಮಾ ಮೇಡಂ ಮೇಜಿನ ಮೇಲಿದ್ದ ಸ್ಟೀಲ್ ಟ್ರೇ ಎತ್ತಿಕೊಂಡು ಕವಾಯತಿನ ತಾಳದಲ್ಲಿ ಬಡಿಯತೊಡಗಿದರು. ಮೇಷ್ಟ್ರ ಬೆನ್ನು ನೆಟ್ಟಗಾಯಿತು, ಎಡಗಾಲು ಎದ್ದಿತು. ಹೊಸ್ತಿಲು ದಾಟಿ ಕಾರಿಡಾರಿನ ತುದಿಯವರೆಗೂ ಹೋದವರು ತಿರುಗಿ, “ಯಾರಮ್ಮ ಅದು, ತಾಳ ಎಳೀತೈತೆ, ಇನ್ನೊಂಚೂರು ಬಿಗಿಯಾಗಿ ಬಡೀರಿ!” ಎಂದು ಗದರಿದರು.

ತಾಳ ಕೇಳಿದಾಗ ಎಚ್ಚರಗೊಳ್ಳುವುದು ಕಿವಿಯೊಂದೇ ಅಲ್ಲ, ಕೈಕಾಲು ಆಡಿಸುವ ಮಿದುಳಿನ ಭಾಗಗಳೂ ಅದರೊಂದಿಗೆ ಹೊರಡುತ್ತವೆ, ಒಳಗಿನ ಗಡಿಯಾರ ಕೆಟ್ಟವರಿಗೆ ಹೊರಗಿನ ತಾಳ ಗಡಿಯಾರವಾಗುತ್ತದೆ ಎಂದು ಅವರು ಆ ದಿನ ನನಗೆ ಬಿಡಿಸಿ ಹೇಳಿದರು. ನಿಧಾನದ ರಾಗಕ್ಕೆ ಉಸಿರು ದೀರ್ಘವಾಗಿ ನಾಡಿ ಇಳಿಯುವುದನ್ನೂ, ಚುರುಕು ಲಯಕ್ಕೆ ಅದು ಏರುವುದನ್ನೂ ನನ್ನ ಕೈಯಿಂದಲೇ ಅಳೆಸಿ ತೋರಿಸಿದರು. ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಬೇರೆ. ಟ್ರೇ ನಿಂತ ಕೂಡಲೇ ಮೇಷ್ಟ್ರೂ ನಿಂತರು. ಆಗಲೇ ನನಗೆ ಒಂದು ಹೆದರಿಕೆ ಹತ್ತಿತು: ಟ್ರೇ ಬಡಿಯುವವರು ಇಲ್ಲದ ದಿನ ಇವರ ಗತಿಯೇನು?

ಸಂಗೀತದಿಂದ ಒಳ್ಳೆಯದೇ ಆಗುತ್ತದೆ ಎಂದು ಅವರು ಎಂದೂ ಯಾರಿಗೂ ಆಸೆ ಹುಟ್ಟಿಸಿದವರಲ್ಲ. ಹಿರಿಯೂರಿನ ಶಿಬಿರಕ್ಕೆ ಪರಮೇಶ್ ಎಂಬ ತರುಣ ಬಂದಿದ್ದ; ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಅವನ ಮನಸ್ಸು ಅರಳಲೆಂದು ನಾನೇ ಮೊಬೈಲಿನಲ್ಲಿ ಒಂದು ಸಿನಿಮಾ ಹಾಡು ಹಾಕಿದೆ. ಹುಡುಗ ಚೀರಿ ಮೂಲೆಗೆ ಸರಿದ, ಮೈಯೆಲ್ಲ ನಡುಗಿತು, ನಾಡಿ ಓಡತೊಡಗಿತು. ಅವನಿದ್ದ ಗೂಡ್ಸ್ ಆಟೋ ಮಗುಚಿದ ಗಳಿಗೆಯಲ್ಲಿ ಒಳಗೆ ಅದೇ ಹಾಡು ನಡೆಯುತ್ತಿತ್ತಂತೆ! ಮೇಡಂ ನನ್ನನ್ನು ಬೈಯಲಿಲ್ಲ. ಅವನ ಪಕ್ಕ ನೆಲದ ಮೇಲೆ ಕೂತು, ಅವನ ಉಸಿರಿನ ಜೊತೆ ತಾವೂ ಉಸಿರಾಡುತ್ತ ಸುಮ್ಮನಿದ್ದರು. ಅಂದಿನಿಂದ ಯಾವ ರೋಗಿ ಬಂದರೂ ಮನೆಯವರಿಗೆ ಅವರ ಮೊದಲ ಪ್ರಶ್ನೆ, “ಯಾವ ಹಾಡು ಬ್ಯಾಡ ಹೇಳ್ರಿ.”

ಇನ್ನು ನಮ್ಮವ್ವನ ವಿಷಯ. ಅವ್ವ ಹರಿಯಬ್ಬೆಯವಳು. ಕುರಿ ಕಾಯ್ದ ಮನೆತನ, ಗಟ್ಟಿ ಕಂಠ. ಸುತ್ತಲಿನ ಯಾವ ಮದುವೆಗೂ ಸೋಬಾನೆ ಪದ ಹೇಳಲು ಕರೆಯುತ್ತಿದ್ದರು. ಲಕ್ವ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಂಡಿತು. ಹೇಳಬೇಕಾದ್ದು ಕಣ್ಣಲ್ಲಿ ಕುದಿಯುತ್ತಿತ್ತು, ಬಾಯಿಂದ ‘ಬ ಬ’ ಎಂಬುದರ ಹೊರತು ಏನೂ ಬರುತ್ತಿರಲಿಲ್ಲ. ಹೂಂ ಎನ್ನಲೂ ಊಹೂಂ ಎನ್ನಲೂ ಒಂದೇ ರೀತಿ ತಲೆ ಅಲ್ಲಾಡಿಸುತ್ತಿದ್ದಳು. ಸಾಮಾನ್ಯವಾಗಿ ಮಾತಿನ ಮನೆ ಮಿದುಳಿನ ಎಡಭಾಗದಲ್ಲಿರುತ್ತದೆ; ರಾಗಕ್ಕೆ ಬಲಭಾಗವೂ ಒದಗುತ್ತದೆ. ಎಡಭಾಗ ಕೆಟ್ಟು ‘ನೀರು’ ಎನ್ನಲಾಗದವರು ಕೆಲವೊಮ್ಮೆ ನೀರಿನ ಹಾಡು ಹಾಡಬಲ್ಲರು. ಈ ದಾರಿಯನ್ನೇ ಹಿಡಿದು ಮೇಡಂ ಅವ್ವನ ಎಡಗೈಯನ್ನು ತಾಳಕ್ಕೆ ತಟ್ಟುತ್ತ, ಒಟ್ಟಿಗೆ ಹಾಡೋಣವೆಂದು ಹೊರಟರು.

ಅವ್ವ ತುಟಿ ಬಿಚ್ಚಲಿಲ್ಲ. ವಾರಗಟ್ಟಲೆ ಬಿಚ್ಚಲಿಲ್ಲ. ಮೇಡಂ ಹಾಡುತ್ತಾರೆ, ಅವ್ವ ನೆಲ ನೋಡುತ್ತಾಳೆ. ಬಲಭಾಗವೂ ಹೋಯಿತೆಂದು ನಾನು ತೀರ್ಮಾನಿಸಿಬಿಟ್ಟೆ. ಒಂದು ಮಧ್ಯಾಹ್ನ ಮೇಡಂ ಅರ್ಧ ಸಾಲು ಹಾಡಿದ್ದರು, ಅಷ್ಟರಲ್ಲಿ ಮಂಜಣ್ಣ ಬಾಗಿಲು ತಳ್ಳಿ, “ಮೇಡಂ, ಕರೆಂಟ್ ಹೋಯ್ತೈತೆ, ಮಿಷನ್ ಆಫ್ ಮಾಡ್ಕಳ್ರಿ” ಎಂದ. ಮೇಡಂ ಹಾಡು ನಿಲ್ಲಿಸಿ ಅವನತ್ತ ತಿರುಗಿದರು. ಬೆನ್ನ ಹಿಂದಿನಿಂದ ಉಳಿದರ್ಧ ಸಾಲು ಕೇಳಿಸಿತು. ಪದ ಪದವೂ ಸ್ಪಷ್ಟ. ಹಾಡಿದವಳು ಅವ್ವ!

ತಪ್ಪು ನಮ್ಮದೇ ಆಗಿತ್ತು. ನಮ್ಮ ಕಡೆಯ ಸೋಬಾನೆಯಲ್ಲಿ ಒಬ್ಬರು ಪದ ಎತ್ತುತ್ತಾರೆ, ಅವರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುತ್ತಾರೆ. ಅವ್ವ ಬದುಕಿಡೀ ತನ್ನ ಅಕ್ಕನ ಹಿಂದೆ ಪದ ಹಿಡಿದವಳು, ಎಂದೂ ಎತ್ತಿದವಳಲ್ಲ. ಎತ್ತಿದವರ ಜೊತೆಯಲ್ಲೇ ಬಾಯಿ ಹಾಕುವುದು ಅವಳ ಪಾಲಿಗೆ ಮರ್ಯಾದೆಗೇಡು. ಒಟ್ಟಿಗೆ ಹಾಡಿ ಹಾಡಿ ಎಂದು ನಾವು ಒತ್ತಾಯಿಸಿದಷ್ಟೂ ಅವಳು ಮರ್ಯಾದೆಯಿಂದ ಸುಮ್ಮನಿದ್ದಳು. ನಾನು ಅದೇ ಮನೆಯಲ್ಲಿ ಹುಟ್ಟಿದವನು, ನನಗೂ ಹೊಳೆದಿರಲಿಲ್ಲ. ಮೇಡಂ ಅಂದೇ ತಮ್ಮ ಪದ್ಧತಿಯನ್ನು ಬದಲಿಸಿದರು. “ನಾಲಿಗೆ ಒಣಗೈತೆ, ಏನು ಬೇಕಮ್ಮಾ” ಎಂದು ಎತ್ತಿ ನಿಲ್ಲಿಸುವರು. ಅವ್ವ ಒಂದಿಷ್ಟು ಹೊತ್ತು ಬಿಟ್ಟು, “ನೀರು ಬೇಕಮ್ಮಾ” ಎಂದು ಹಿಡಿಯುವಳು. ಹೀಗೆ ನೀರು ಬಂತು, ಅನ್ನ ಬಂತು, ನನ್ನ ಹೆಂಡತಿ ರಂಜಿತಾಳ ಹೆಸರು ಬಂತು. ನನ್ನ ಹೆಸರು ಬಂದ ದಿನ ನಾನು ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆ ಹೊತ್ತಿಗೇ ನಿವೃತ್ತಿಯ ಸುದ್ದಿ. ಪತಿ ಕನಕರಾಜ್ ಅವರೊಂದಿಗೆ ಹೊಸದುರ್ಗದ ಮನೆಗೆ ಹೋಗಿ ನೆಲೆಸುವುದಾಗಿ ಮೇಡಂ ಹೇಳಿದಾಗ ನಾನು ಮಾಡದ ಕಸರತ್ತಿಲ್ಲ. ಆಡಳಿತ ಮಂಡಳಿಯ ಬಳಿ ಹೋಗಿ ಇನ್ನೊಂದು ವರ್ಷ ಉಳಿಸಿಕೊಳ್ಳಿ ಎಂದು ಗೋಗರೆದೆ. ಮೇಡಂ ಹಾಡುವುದನ್ನು ಫೋನಿನಲ್ಲಿ ತುಂಬಿಕೊಂಡು ಅವ್ವನ ಮುಂದೆ ಇಟ್ಟೆ; ಅವ್ವ ಅದನ್ನು ಒಮ್ಮೆ ನೋಡಿ ಗೋಡೆಗೆ ಮುಖ ಮಾಡಿ ಮಲಗಿದಳು. ಫೋನು ಕಾಯುವುದಿಲ್ಲವಲ್ಲ, ಸಾಲು ಮುಗಿಸಿ ಮುಂದಕ್ಕೆ ಹೋಗಿಬಿಡುತ್ತದೆ. ರಂಜಿತಾ ಚೆನ್ನಾಗಿ ಹಾಡುತ್ತಾಳೆ, ಆದರೆ ಅವಳಿಗೆ ಮೌನ ತಡೆಯದು, ಅತ್ತೆಯ ಪಾಲಿನ ಅರ್ಧವನ್ನೂ ತಾನೇ ಹಾಡಿ ಮುಗಿಸುವಳು.

“ನೀವೇ ಹಾಡ್ರಿ ದಯಾನಂದ” ಎಂದರು ಮೇಡಂ.

“ನಾನಾ? ಶಾಲೇಲಿ ಪ್ರಾರ್ಥನೆಗೆ ನಿಂತ್ರೆ ಮೇಷ್ಟ್ರು ಬರೀ ಬಾಯಿ ಆಡ್ಸು ಅನ್ನೋರು ಮೇಡಂ.”

“ನಿಮ್ಗೆ ಹಾಡೋದು ಕಷ್ಟ ಅಲ್ಲ ಬಿಡ್ರಿ. ಕಾಯೋದು ಕಷ್ಟ ಐತೆ. ಅದನ್ನ ಕಲಿಬೇಕು ನೀವು.”

ನಾನು ಕಲಿಯಲಿಲ್ಲ. ಅವರು ನಿವೃತ್ತಿಗೆ ಮೊದಲು ಉಳಿದಿದ್ದ ರಜೆ ಹಾಕಿ ಹೊಸದುರ್ಗಕ್ಕೆ ಹೋದರು. ಅದಾದ ಕೆಲವೇ ದಿನಗಳಲ್ಲಿ ಅವ್ವ ಊಟ ಬಿಟ್ಟಳು. ನೀರು ಕೊಟ್ಟರೆ ಉಗಿದಳು. ಎಡಗೈ ಪದೇ ಪದೇ ಕೆನ್ನೆಗೆ ಹೋಗುತ್ತಿತ್ತು, ಕಣ್ಣಲ್ಲಿ ನೀರು. ಮುಖದ ಬಲಭಾಗ ಮತ್ತೆ ಜೋಮು ಹಿಡಿಯುತ್ತಿದೆ, ಎರಡನೆಯ ಲಕ್ವ ಬಂತು ಎಂದೇ ಅಂದುಕೊಂಡೆ. ಬೆಳಿಗ್ಗೆಯೇ ಕೇಂದ್ರಕ್ಕೆ ಹೊತ್ತು ತಂದೆವು. ಡಾಕ್ಟರ್ ಶರಣ್ ಸ್ಕ್ಯಾನ್ ಮಾಡಿಸಿದರು, ಹೊಸದೇನೂ ಕಾಣಲಿಲ್ಲ. ಬಾಯಿ ನೋಡಲು ಹೋದರೆ ಅವ್ವ ಹಲ್ಲು ಕಚ್ಚಿ ಹಿಡಿದಳು. “ನುಂಗೋ ಶಕ್ತಿ ಹೋಗಿರ್ಬಹುದು ಸಾರ್. ಸಂಜೆವರ್ಗೂ ನೋಡಾಣ, ಇಲ್ಲಾಂದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗುತ್ತೆ” ಎಂದರು. ಪೈಪ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದವರನ್ನು ದಿನವೂ ಕಾಣುವವನು ನಾನು. ಹೊಸದುರ್ಗಕ್ಕೆ ಫೋನ್ ಹಚ್ಚಿದೆ.

“ಡಾಕ್ಟ್ರು ನೋಡಿದ್ರಾ?” ಎಂದರು ಮೇಡಂ.

“ನೋಡಿದ್ರು. ಸ್ಕ್ಯಾನ್ ಆತು. ನೀವು ಬರ್ರಿ ಮೇಡಂ, ಕಾಲಿಗೆ ಬೀಳ್ತೀನಿ.”

“ಹಂಗಾದ್ರೆ ನೀವು ಹೋಗಿ ಎದುರಿಗೆ ಕುಂತ್ಕಳ್ರಿ. ಹಾಡ್ರಿ.” ಫೋನ್ ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ.

ನನಗೆ ಬಂದ ಸಿಟ್ಟನ್ನು ಅಭಿನಂದನ ಗ್ರಂಥದಲ್ಲಿ ಬರೆಯುವಂತಿಲ್ಲ. ಬೇರೆ ದಾರಿಯಿಲ್ಲದೆ ಹೋಗಿ ಅವ್ವನ ಮುಂದೆ ಕೂತೆ. ಅವಳ ಎಡಗೈ ಹಿಡಿದು ತಟ್ಟುತ್ತ, ಒಡಕು ದನಿಯಲ್ಲಿ ಎತ್ತಿದೆ: “ಊಟ ಬಿಟ್ಟೈತೆ, ಎಲ್ಲಿ ನೋವಮ್ಮಾ.” ನಿಲ್ಲಿಸಿದೆ. ಅವ್ವ ನನ್ನನ್ನೇ ನೋಡಿದಳು. ಏನೂ ಬರಲಿಲ್ಲ. ತಲೆಯಾ, ಎದೆಯಾ, ಗಂಟಲಾ ಎಂದು ಕೇಳಿಬಿಡಲು ನಾಲಿಗೆ ತುದಿಗೆ ಬಂತು. ಕೇಳಿದ್ದರೆ ಎಲ್ಲಕ್ಕೂ ತಲೆ ಅಲ್ಲಾಡಿಸುತ್ತಿದ್ದಳು. ತುಟಿ ಕಚ್ಚಿಕೊಂಡೆ. ಬಾಗಿಲಲ್ಲಿ ರಂಜಿತಾ ಏನೋ ಹೇಳಹೊರಟಳು, ಡಾಕ್ಟರ್ ಶರಣ್ ಅವಳ ಮುಂದೆ ಕೈ ಅಡ್ಡ ಹಿಡಿದರು. ಇನ್ನು ಆಗದು, ಪೈಪೇ ಗತಿ ಎಂದುಕೊಂಡೆ. ಕೈ ತಟ್ಟುವುದನ್ನು ಮಾತ್ರ ಬಿಡಲಿಲ್ಲ.

“ಹಲ್ಲು ನೋವಮ್ಮಾ” ಎಂದು ಹಿಡಿದಳು ಅವ್ವ.

ಹಲ್ಲು! ಹಿಂದಿನ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಇಡೀ ಕೇಂದ್ರ ಅವಳ ಮಿದುಳಿನಲ್ಲಿ ಕಾಯಿಲೆ ಹುಡುಕುತ್ತಿದ್ದಾಗ ಅವಳು ಪಾಪ ಕೆನ್ನೆ ತೋರಿಸಿ ತೋರಿಸಿ ಸೋತಿದ್ದಳು. ನಾನು ನಗುತ್ತ ಅಳುತ್ತ ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡಿದೆ, ಇನ್ನೂ ಗಟ್ಟಿಯಾಗಿ. ಅವ್ವ ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು.

“ಸಾಕು ಬಿಡೋ” ಎಂದಳು.

ರಾಗವಿಲ್ಲ, ತಾಳವಿಲ್ಲ, ಬರೀ ಬೈಗುಳ. ಲಕ್ವ ಹೊಡೆದ ಮೇಲೆ ಹಾಡಿನಾಚೆಗೆ ಅವಳು ಆಡಿದ ಮೊದಲ ಮಾತು ಅದು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ ಎಂದರೆ ರಂಜಿತಾ ಬೇಸರಪಡಲಾರಳು, ಅವಳೂ ಅಲ್ಲೇ ಅಳುತ್ತಿದ್ದಳು.

ಹೊಸದುರ್ಗಕ್ಕೆ ಫೋನ್ ಮಾಡಿದಾಗ ಮೊದಲ ರಿಂಗಿಗೇ ಎತ್ತಿದವರು ಕನಕರಾಜ್. “ಏನಾತು ಬೇಗ ಹೇಳ್ರಿ ಸಾರ್. ಬೆಳಿಗ್ಗೆಯಿಂದ ಫೋನ್ ತೊಡೆ ಮ್ಯಾಲೆ ಇಟ್ಕಂಡು ಕುಂತವ್ಳೆ, ಒಂದು ತುತ್ತು ತಿಂದಿಲ್ಲ. ಬ್ಯಾಗ್ ಜೋಡ್ಸಿ ಬಾಗ್ಲಾಗೆ ಇಟ್ಟೈತೆ, ಸಂಜಿ ಬಸ್ಸಿಗೆ ಹೊರಡಾದು ಅಂತ.” ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕಾಯುವುದು ಕಷ್ಟವೆಂದು ನನಗೆ ಹೇಳಿದವರು, ಅಷ್ಟು ದೂರದಲ್ಲಿ, ನನಗಿಂತ ಹೆಚ್ಚಿನ ಆತಂಕದಲ್ಲಿ, ನನ್ನ ಪಾಲಿನ ಅರ್ಧವನ್ನು ನನಗೇ ಬಿಟ್ಟು ಕಾದಿದ್ದರು.

ನನ್ನ ಗಾಬರಿ ವಾಸಿಯಾಗಿಲ್ಲ. ಅವ್ವನ ಮಾತು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಬಾರದ ದಿನ ನನ್ನ ಬಿ.ಪಿ. ಏರುತ್ತದೆ. ಆದರೂ ದಿನವೂ ಎದುರಿಗೆ ಕೂತು ಎತ್ತುತ್ತೇನೆ, ನಿಲ್ಲಿಸುತ್ತೇನೆ, ಕಾಯುತ್ತೇನೆ. ಮಾನ್ಯ ಸುಮಾ ಅವರಿಗೂ ಕನಕರಾಜ್ ಅವರಿಗೂ ಆಯುರಾರೋಗ್ಯಗಳು ತುಂಬಿ ಬರಲಿ, ಅವರು ಹಾಕಿಕೊಟ್ಟ ಈ ದಾರಿಯಲ್ಲಿ ಇನ್ನೂ ಅನೇಕರು ತಮ್ಮ ಮಾತನ್ನು ಕಂಡುಕೊಳ್ಳಲಿ ಎಂದು ಹಾರೈಸಿ ಮುಗಿಸಬೇಕೆಂದಿದ್ದೆ. ಅವ್ವನ ಹಾರೈಕೆಯನ್ನೂ ಸೇರಿಸೋಣವೆನಿಸಿ ಇವತ್ತು ಬೆಳಿಗ್ಗೆ ಅವಳ ಕೈ ತಟ್ಟುತ್ತ, “ಸುಮಾ ಮೇಡಮ್ಮಿಗೆ ಏನು ಬರೀಲಮ್ಮಾ” ಎಂದು ಎತ್ತಿ ನಿಲ್ಲಿಸಿದೆ. ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದಳು. ಮರೆತಳೇನೋ ಎಂದು ನಾನು ಹೆದರಿದೆ. ಆಮೇಲೆ, ಹಾಡದೆ, ಒಂದೊಂದೇ ಮಾತನ್ನು ಹೆಕ್ಕಿಕೊಂಡು ಹೇಳಿದಳು: “ನನ್... ಮಗ... ಕಲ್ತ... ಅನ್ನು.”