ನಾದಿನಿ ಕೊಟ್ಟ ಕೆಂಡ

ಬಾಸ್ಟನ್ನಿಗೆ ಹೋಗುವ ರಸ್ತೆಯ ನಮ್ಮ ಸಾಲಿನಲ್ಲಿ ಕೆಜಾಯಾ ಬೌಟೆಲ್ ಮನೆಯ ಒಲೆ ಆರಿದ್ದನ್ನು ಯಾರೂ ಕಂಡಿರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗುವುದು ಎಲ್ಲ ಹೆಂಗಸರೂ ಮಾಡುವ ಕೆಲಸವೇ. ಆದರೂ ಬೆಳಗ್ಗೆ ಬೂದಿ ಕೆದಕಿದರೆ ಒಂದಲ್ಲ ಒಂದು ಮನೆಯಲ್ಲಿ ಒಲೆ ತಣ್ಣಗಾಗಿರುತ್ತಿತ್ತು. ಆ ಮನೆಯವಳು ಕಬ್ಬಿಣದ ಬಟ್ಟಲು ಹಿಡಿದು ಕೆಜಾಯಾಳ ಬಾಗಿಲಿಗೆ ಬರುತ್ತಿದ್ದಳು. ಕೆಜಾಯಾ ಕೆಂಡ ಕೊಡುತ್ತಿದ್ದಳು, ಆದರೆ ಸುಮ್ಮನೆ ಕೊಟ್ಟವಳಲ್ಲ.

“ಮತ್ತೆ ಆರಿಸ್ಕೊಂಡ್ಯಾ? ಗಂಡನ್ನ ತಬ್ಕೊಂಡು ಮಲಗೋಕೆ ಬರುತ್ತೆ, ನಾಲ್ಕು ಕೆಂಡ ಮುಚ್ಚೋಕೆ ಬರಲ್ವಾ?”

ಬೈಸಿಕೊಳ್ಳದೆ ಅವಳಿಂದ ಕೆಂಡ ಪಡೆದವರು ನಮ್ಮಲ್ಲಿ ಇರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಕಲ್ಲು ತುಂಬಿದ ಹೊಲವನ್ನೂ ಒಬ್ಬನೇ ಮಗ ಅಸಾಹೆಲ್‌ನನ್ನೂ ಒಂಟಿಯಾಗಿ ಉಳಿಸಿಕೊಂಡವಳು, ಬಾಯಿ ಜೋರಾದರೆ ಆಗಲಿ ಎಂದು ನಾವೂ ಸುಮ್ಮನಿದ್ದೆವು. ಸುಮ್ಮನಿರಲಾರದವಳು ಅವಳ ಅತ್ತೆ ಒಬ್ಬಳೇ. ಸೊಸೆಯ ಬಾಯಿ ತಾಳಲಾರದೆ ಮುದುಕಿ ಒಂದು ದಿನ ತನ್ನ ಹಾಸಿಗೆ ಸುತ್ತಿಕೊಂಡು ರಸ್ತೆಯ ಆಚೆ ಬದಿಗಿದ್ದ ಮಗಳು ಡಾರ್ಕಸ್‌ಳ ಮನೆ ಸೇರಿದಳು. ಡಾರ್ಕಸ್ ಎಂದರೆ ಕೆಜಾಯಾಳ ನಾದಿನಿ. ಅವಳೂ ಗಂಡ ಸತ್ತವಳೇ, ಮಕ್ಕಳಿಲ್ಲ.

ಅಷ್ಟರಲ್ಲಿ ಚಹಾದ ಜಗಳ ಬಂತು. ಕಡಲಾಚೆಯಿಂದ ನಮ್ಮನ್ನು ಆಳುತ್ತಿದ್ದ ರಾಜ ಚಹಾದ ಮೇಲೆ ತೆರಿಗೆ ಹಾಕಿದ, ಜನ ಎದುರಾಡಿದ್ದಕ್ಕೆ ಬಂದರು ಮುಚ್ಚಿಸಿದ, ಬಾಸ್ಟನ್ ತುಂಬ ಕೆಂಪು ಕೋಟಿನ ಸಿಪಾಯಿಗಳನ್ನು ತಂದು ತುಂಬಿದ. ನಮ್ಮೂರಿನವರೂ ಸಮಿತಿ ಕಟ್ಟಿಕೊಂಡು, ಇನ್ನು ಚಹಾ ಮುಟ್ಟುವುದಿಲ್ಲ, ರಾಜನ ಸಾಮಾನು ಕೊಳ್ಳುವುದಿಲ್ಲ ಎಂದು ಸಭೆಯಲ್ಲಿ ಕೈ ಎತ್ತಿ ಆಣೆ ಮಾಡಿದರು. ಡಾರ್ಕಸ್ ಕೈ ಎತ್ತಲಿಲ್ಲ.

“ನನ್ನ ಗಂಡ ಫ್ರೆಂಚರ ಮೇಲೆ ಯುದ್ಧಕ್ಕೆ ಹೋಗಿ ಸತ್ತಿದ್ದು ರಾಜನ ಬಾವುಟದ ಕೆಳಗೆ. ಆವತ್ತು ನೀವೇ ಅವನಿಗೆ ಜೈ ಅಂದು ಕಳಿಸಿದ್ರಿ. ಇವತ್ತು ನಿಮಗೆ ರಾಜ ಬೇಡವಾದ ಅಂತ ನಾನು ಆ ಸಾವನ್ನ ದಂಡ ಅನ್ಲಾ?” ಎಂದಳು.

ಉತ್ತರ ಬಾರದಾಗ ಸಿಟ್ಟು ಬರುತ್ತದೆ. ಸಮಿತಿಯವರು ಅವಳನ್ನು ಊರಿನ ಶತ್ರು ಎಂದು ಸಾರಿದರು. ಅವಳ ಜೊತೆ ಮಾತಿಲ್ಲ, ಕೊಡುಕೊಳ್ಳುವುದಿಲ್ಲ, ಅವಳ ಜೋಳ ಯಾವ ಗಿರಣಿಯಲ್ಲೂ ಬೀಸುವುದಿಲ್ಲ. ಅವಳ ಗಂಡನ ಹಳೆಯ ಬಂದೂಕನ್ನೂ, ಜೊತೆಗೆ ಬೆಂಕಿ ಹೊತ್ತಿಸುವ ಚಕಮಕಿ ಕಲ್ಲನ್ನೂ ಕಿತ್ತುಕೊಂಡು ಹೋದರು. ಈ ಕಟ್ಟಳೆಯನ್ನು ಕೆಜಾಯಾಳಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ. ನಾದಿನಿ ಮನೆತನಕ್ಕೆ ಅಂಟಿದ ಮಸಿ ಎಂದು ಎಲ್ಲರೆದುರು ಅನ್ನುತ್ತಿದ್ದಳು.

ಜನವರಿಯಲ್ಲಿ, ಹಿಮ ಕಿಟಕಿಯ ಮಟ್ಟಕ್ಕೆ ಬಿದ್ದಿದ್ದ ಒಂದು ಬೆಳಗ್ಗೆ, ಡಾರ್ಕಸ್ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು.

“ಅತ್ತಿಗೆ, ಒಲೆ ಆರಿಹೋಗಿದೆ. ಅಮ್ಮನಿಗೆ ಕೆಮ್ಮು ಜೋರಾಗಿದೆ. ಎರಡು ಕೆಂಡ ಕೊಡಿ.”

ಕೆಜಾಯಾ ಬಾಗಿಲಿಗೆ ಅಡ್ಡ ನಿಂತಳು. “ಯಾಕೆ, ಚಹಾ ಕಾಯಿಸ್ಬೇಕಾ?”

“ಅಲ್ಲಿ ಮಲಗಿರೋಳು ನಿಮ್ಮತ್ತೆ.”

“ನಿನ್ನ ರಾಜನಿಗೆ ಹೇಳಿ ಕಳಿಸು. ಹಡಗಲ್ಲಿ ಕೆಂಡ ತುಂಬಿ ಕಳಿಸ್ತಾನೆ.”

ಒಳಗೆ ಬಂದೂಕು ಒರೆಸುತ್ತ ಕುಳಿತಿದ್ದ ಅಸಾಹೆಲ್ ಗೊಳ್ಳೆಂದು ನಕ್ಕ. ಡಾರ್ಕಸ್ ಸಾಲಿನ ಒಂದೊಂದೇ ಬಾಗಿಲು ತಟ್ಟಿ, ಯಾರೂ ತೆಗೆಯದಿದ್ದಾಗ, ಕೊನೆಗೆ ಹಿಮ ತುಳಿದುಕೊಂಡು ಪಕ್ಕದೂರಿಗೆ ಹೋಗಿ ಬೆಂಕಿ ತಂದಳು. ಬರುವಾಗ ಹೊತ್ತು ಇಳಿದಿತ್ತು. ಆ ವಾರದಲ್ಲೇ ಮುದುಕಿ ತೀರಿಕೊಂಡಳು. ಕೆಜಾಯಾಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಸಂಕಟವನ್ನು ಅವಳು ಬೇಗ ಸಿಟ್ಟಿಗೆ ತಿರುಗಿಸಿಕೊಂಡಳು. ಒಂದು ಕೈ ಎತ್ತಿದ್ದರೆ ಮುಗಿಯುತ್ತಿತ್ತು, ಹಟ ಹಿಡಿದು ಹೆತ್ತವಳನ್ನೇ ಕೊಂದಳು ಎಂದು ಸಾಲಿನಲ್ಲೆಲ್ಲ ಹೇಳಿಕೊಂಡು ಬಂದಳು.

ಏಪ್ರಿಲಿನಲ್ಲಿ ಯುದ್ಧವೇ ಬಂತು. ಕೆಂಪು ಕೋಟಿನವರು ನಮ್ಮ ಮದ್ದುಗುಂಡು ಹಿಡಿಯಲು ಕಾನ್ಕಾರ್ಡ್ ಊರಿನ ಕಡೆ ಹೊರಟಿದ್ದಾರೆಂದು ನಸುಕಿನಲ್ಲೇ ಗಂಟೆ ಬಾರಿಸಿದರು. ಅಸಾಹೆಲ್ ತನ್ನ ಬಂದೂಕಿನಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕಲ್ಲು ಸವೆದಿದೆಯೆಂದು ಮನೆಯ ಚಕಮಕಿ ಕಲ್ಲನ್ನೇ ಹಾಕಿಕೊಂಡು ಓಡಿದ. ಹೆಮ್ಮೆಯಿಂದ ತಾನೇ ಎತ್ತಿ ಕೊಟ್ಟಿದ್ದಳು ಕೆಜಾಯಾ. ಉಳಿದ ಮನೆಗಳಲ್ಲೂ ಹಾಗೇ ಆಗಿತ್ತು. ಮಧ್ಯಾಹ್ನ ಸುದ್ದಿ ಬಂತು. ಸಿಪಾಯಿಗಳು ಪೆಟ್ಟು ತಿಂದು ಇದೇ ರಸ್ತೆಯಲ್ಲಿ ವಾಪಸು ಬರುತ್ತಿದ್ದಾರೆ, ದಾರಿಯ ಮನೆಗಳಿಗೆ ನುಗ್ಗಿ ಬೆಂಕಿ ಇಡುತ್ತಿದ್ದಾರೆ.

“ನನ್ನ ಮನೆ ಸುಡೋಕೆ ನನ್ನೊಲೆ ಬೆಂಕೀನೇ ಸಿಗಬೇಕಾ ಆ ಹಲ್ಕಟ್ಟುಗಳಿಗೆ?” ಎಂದು ಕೆಜಾಯಾ ಕುದಿಯುವ ನೀರಿನ ಪಾತ್ರೆಯನ್ನು ಎತ್ತಿ ಒಲೆಗೆ ಸುರಿದಳು. ಅಷ್ಟಕ್ಕೆ ಬಿಡದೆ, ಡಾರ್ಕಸ್‌ಳದೊಂದನ್ನು ಬಿಟ್ಟು ಮನೆಮನೆಗೆ ಹೋಗಿ ಎಲ್ಲರ ಒಲೆಗೂ ನೀರು ಹಾಕಿಸಿದಳು. ಆಮೇಲೆ ನಾವೆಲ್ಲ ಕಾಡಿಗೆ ಓಡಿದೆವು. ಡಾರ್ಕಸ್ ಮಾತ್ರ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕುಳಿತಳು.

ಸಂಜೆ ಬಂದು ನೋಡಿದರೆ ಮನೆಗಳು ನಿಂತಿದ್ದವು, ಕಿಟಕಿ ಒಂದೂ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕು ಜನ ಅಸಾಹೆಲ್‌ನನ್ನು ಹಲಗೆಯ ಮೇಲೆ ಹೊತ್ತು ತಂದರು. ತೊಡೆಗೆ ಗುಂಡು ಬಿದ್ದಿತ್ತು. ಬಂದೂಕು ಸಮೇತ ಹಳ್ಳಕ್ಕೆ ಉರುಳಿ, ಬಂದೂಕು ನೀರುಪಾಲಾಗಿ, ಗಂಟೆಗಟ್ಟಲೆ ತಣ್ಣೀರಿನಲ್ಲಿ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

“ರಕ್ತ ನಿಂತಿದೆ ಕಣಮ್ಮ,” ಎಂದ ಹೊತ್ತು ತಂದವರಲ್ಲೊಬ್ಬ. “ಮೊದಲು ಮೈ ಕಾಯಿಸು. ಹೀಗೇ ಬಿಟ್ರೆ ಬೆಳಗು ಕಾಣಲ್ಲ.”

ಹೇಳಿದವನೇ ಸಿಪಾಯಿಗಳ ಬೆನ್ನು ಹತ್ತಿದವರ ಜೊತೆ ಓಡಿದ. ಬಂದೂಕುಗಳೂ ಕಲ್ಲುಗಳೂ ಅವರ ಜೊತೆಗೇ ಹೋದವು. ಸಾಲಿನ ಒಲೆಗಳೆಲ್ಲ ಒದ್ದೆ ಬೂದಿ. ಕೆಜಾಯಾ ಹೊರಗೆ ಬಂದು ತಲೆ ಎತ್ತಿದಳು. ಒಂದೇ ಒಂದು ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು, ರಸ್ತೆಯ ಆಚೆ ಬದಿ.

ಬಟ್ಟಲು ಹಿಡಿದು ರಸ್ತೆ ದಾಟಿ ಬಾಗಿಲು ತಟ್ಟಿದಳು. ಡಾರ್ಕಸ್ ಬಾಗಿಲು ತೆರೆದಳು.

“ಅಸಾಹೆಲ್‌ಗೆ ಗುಂಡು ಬಿದ್ದಿದೆ,” ಎಂದಳು ಕೆಜಾಯಾ. “ಒಲೆ ಆರಿದೆ.” ಕೊಡು ಎನ್ನದೆ ಬಟ್ಟಲನ್ನು ಮುಂದೆ ಹಿಡಿದಳು.

ಡಾರ್ಕಸ್ ಬಟ್ಟಲು ಇಸಿದುಕೊಂಡು ಒಳಗೆ ಹೋದಳು. ಈಗ ಅನ್ನುತ್ತಾಳೆ, ಈಗ ಹಡಗಿನ ಮಾತು ತೆಗೆಯುತ್ತಾಳೆ ಎಂದು ಕೆಜಾಯಾ ಹೊಸ್ತಿಲಲ್ಲಿ ಕಾದು ನಿಂತಳು. ಡಾರ್ಕಸ್ ಬಟ್ಟಲು ತುಂಬ ಕೆಂಡ ಹಾಕಿ, ಮೇಲೆ ಬೂದಿ ಮುಚ್ಚಿ ತಂದುಕೊಟ್ಟಳು.

“ಹಿಡಿಕೆ ಸುಡುತ್ತೆ. ಬಟ್ಟೆ ಸುತ್ಕೊಳ್ಳಿ, ಅತ್ತಿಗೆ.”

ಅಷ್ಟೇ. ಬೈದಿದ್ದರೆ ಕೆಜಾಯಾಗೆ ಎಷ್ಟೋ ಸಲೀಸಾಗುತ್ತಿತ್ತು.

ಅಸಾಹೆಲ್ ಬದುಕಿದ, ಕಾಲು ಕುಂಟಾಯಿತು. ಆ ಸಂಜೆ ಕೆಜಾಯಾಳ ಒಲೆಯಿಂದ ಸಾಲಿನವರೆಲ್ಲ ಕೆಂಡ ಒಯ್ದೆವು. ಊರಿನ ಶತ್ರುವಿನ ಬೆಂಕಿಯಲ್ಲಿ ಗಂಜಿ ಬೇಯಿಸಿ ಉಂಡೆವು. ಕೆಜಾಯಾ ಅಂದಿನಿಂದ ಡಾರ್ಕಸ್‌ಳನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದಳು. ಮಗನ ಜೀವದ ಋಣ ಹೊರಿಸಿ ಏನೂ ಅನ್ನದೆ ಕುಳಿತವಳನ್ನು ಬೇರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ನವೆಂಬರಿನಲ್ಲಿ ಡಾರ್ಕಸ್ ಮನೆ ಬಿಡಬೇಕು, ಬಾಸ್ಟನ್ನಿನಲ್ಲಿರುವ ತನ್ನ ರಾಜನ ಜನರ ಹತ್ತಿರ ಹೋಗಬೇಕು ಎಂದು ಸಮಿತಿ ಹೇಳಿತು. ಕುಂಟನಾದ ಮೇಲೆ ಅಸಾಹೆಲ್ ಊರಿನ ವೀರ, ಸಮಿತಿಯಲ್ಲಿ ಅವನಿಗೂ ಜಾಗ ಸಿಕ್ಕಿತ್ತು. ಸೋದರತ್ತೆಯನ್ನು ಹೊರಡಿಸಲು ಮುಂದೆ ನಿಂತವನು ಅವನೇ. ಮನೆ ಇನ್ನು ಊರಿನದು, ಕಿಡಿ ಹಾರಿ ಸುಟ್ಟರೆ ಯಾರು ಹೊಣೆ ಎಂದು ತನ್ನ ಕೈಯಾರೆ ಅವಳ ಒಲೆಗೆ ನೀರು ಸುರಿದ. ನಮ್ಮಲ್ಲಿ ಮನೆ ಬದಲಿಸುವವರು ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿಟ್ಟು ಒಯ್ಯುತ್ತಾರೆ. ಡಾರ್ಕಸ್ ಖಾಲಿ ಮಡಕೆ ತೊಡೆಯ ಮೇಲಿಟ್ಟುಕೊಂಡು ಎತ್ತಿನ ಗಾಡಿ ಏರಿದಳು.

ಆ ಚಿಮಣಿಯಿಂದ ಒಮ್ಮೆಲೇ ಬಿಳಿ ಹಬೆ ಎದ್ದು ನಿಂತುಹೋದದ್ದನ್ನು ಕೆಜಾಯಾ ಕಂಡಳು. ತಡೆಯಲಾಗಲಿಲ್ಲ. ಒಲೆಯಿಂದ ಬಟ್ಟಲು ತುಂಬ ಕೆಂಡ ತೋಡಿಕೊಂಡು, ಬೂದಿ ಮುಚ್ಚಿ, ಹೊರಗೆ ಓಡಿದಳು. ಬೇಲಿಯ ಬಾಗಿಲವರೆಗೆ ಬಂದಳು. ಗಾಡಿಯ ಸುತ್ತ ನಿಂತಿದ್ದ ಸಮಿತಿಯವರೆಲ್ಲ ತಿರುಗಿ ನೋಡಿದರು.

“ಏನಮ್ಮ ಅದು?” ಎಂದ ಅಸಾಹೆಲ್.

ಕೆಜಾಯಾ ಮಗನ ಮುಖ ನೋಡಿದಳು, ಜನರ ಮುಖ ನೋಡಿದಳು.

“ಏನಿಲ್ಲ. ಬೂದಿ ಚೆಲ್ಲೋಕೆ ಬಂದೆ.”

ಅಂದ ಮೇಲೆ ಚೆಲ್ಲಲೇಬೇಕಾಯಿತು. ಬಟ್ಟಲು ಬೋರಲು ಮಾಡಿದಳು. ಹೆಪ್ಪುಗಟ್ಟಿದ ಕೆಸರಿನ ಮೇಲೆ ಕೆಂಡಗಳು ಚುಂಯ್ ಎಂದವು. ಗಾಡಿಯ ಮೇಲಿಂದ ಡಾರ್ಕಸ್ ಅದನ್ನು ಪೂರ್ತಿ ನೋಡಿದಳು.

“ಎಲ್ಲಾ ಚೆಲ್ಲಬೇಡಿ, ಅತ್ತಿಗೆ,” ಎಂದಳು. “ನಾಲ್ಕು ಒಳಗೆ ಉಳಿಸ್ಕೊಳ್ಳಿ. ನಿಮ್ಮ ಮಗನಿಗೆ ಚಳಿ ಜಾಸ್ತಿ.”

ಗಾಡಿ ಹೊರಟಿತು. ಕೆಜಾಯಾ ಆಮೇಲೆ ಬಹಳ ವರ್ಷ ಬದುಕಿದಳು, ಅವಳ ಒಲೆ ಮತ್ತೆ ಆರಲಿಲ್ಲ. ಬೆಳಗ್ಗೆ ಬಟ್ಟಲು ಹಿಡಿದು ಹೋದ ಯಾರಿಗೂ ಅವಳು ಮತ್ತೆ ಬೈಯಲಿಲ್ಲ. ತಲೆ ತಗ್ಗಿಸಿಕೊಂಡು ಕೆಂಡ ಕೊಡುತ್ತಿದ್ದಳು, ನಾವೂ ತಲೆ ತಗ್ಗಿಸಿಕೊಂಡು ತರುತ್ತಿದ್ದೆವು.